ಪೆಪ್ಪರ್ ಕೀನನ್‌ನ ಎರಡು ಬ್ಯಾಂಡ್: ನನ್ನ ದುಡ್ಡು ಸಿಒಸಿಗೆ

ಅಮೆರಿಕದ ದಕ್ಷಿಣ ರಾಜ್ಯಗಳ ಮಣ್ಣಿನ ವಾಸನೆ ಇರುವ ಹೆವಿ ಮೆಟಲ್ ಕೇಳಬೇಕು, ಆದರೆ ದುಡ್ಡು ಒಂದು ಬ್ಯಾಂಡಿಗಷ್ಟೇ ಇದೆ ಅಂದರೆ ಕರೋಷನ್ ಆಫ್ ಕನ್ಫಾರ್ಮಿಟಿ ತಗೊಳ್ಳಿ. ಅಭಿಮಾನಿಗಳು ಸಿಒಸಿ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಡೌನ್ ಅನ್ನುವ ಇನ್ನೊಂದು ಬ್ಯಾಂಡ್ ಆಮೇಲೆ ಬರಲಿ. ಎರಡೂ ಬ್ಯಾಂಡಿನ ಮುಖ್ಯ ಆಲ್ಬಂಗಳನ್ನು ಸಿಡಿಯಲ್ಲಿ ಕೊಂಡು, ಉಳಿದದ್ದನ್ನು ಆ್ಯಪ್‌ನಲ್ಲಿ ಕೇಳಿ, ತುಂಬಾ ದಿನ ಜೊತೆಗಿಟ್ಟುಕೊಂಡ ಮೇಲೆ ಹೇಳುತ್ತಿರುವ ಮಾತಿದು.

ಇವೆರಡನ್ನೇ ಪಕ್ಕಪಕ್ಕ ಇಡೋಕೆ ಕಾರಣ ಒಬ್ಬ ಮನುಷ್ಯ, ಪೆಪ್ಪರ್ ಕೀನನ್. ನ್ಯೂ ಆರ್ಲಿಯನ್ಸ್‌ನವನು. ಎರಡೂ ಕಡೆ ಗಿಟಾರ್ ಅವನದ್ದೇ. ಸಿಒಸಿಯಲ್ಲಿ ಹಾಡೂ ಅವನದ್ದು. ಡೌನ್‌ನಲ್ಲಿ ಮೈಕ್ ಹಿಡಿದವನು ಪ್ಯಾಂಟೆರಾ ಅನ್ನುವ ಮೆಟಲ್ ಬ್ಯಾಂಡಿನ ಹಾಡುಗಾರ ಫಿಲ್ ಆನ್ಸೆಲ್ಮೊ. ಮೆಟಾಲಿಕಾ ಕೇಳುತ್ತಾ ಬೆಳೆದವರಿಗೆ, ಅಂದರೆ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಿಂತಿದ್ದವರಿಗೆಲ್ಲ, ಪೆಪ್ಪರ್ ದನಿ ಗೊತ್ತಿಲ್ಲದೆಯೇ ಪರಿಚಯ ಇರುತ್ತದೆ. 1998ರ 'ಗ್ಯಾರೇಜ್ ಇಂಕ್.' ಆಲ್ಬಂನಲ್ಲಿ ಮೆಟಾಲಿಕಾದವರು ದಕ್ಷಿಣದ ಹಳೆಯ ರಾಕ್ ಬ್ಯಾಂಡ್ ಲಿನರ್ಡ್ ಸ್ಕಿನರ್ಡ್‌ನ 'ಟ್ಯೂಸ್‌ಡೇಸ್ ಗಾನ್' ಹಾಡಿದ್ದಾರಲ್ಲ, ಅದರಲ್ಲಿ ಮೆಟಾಲಿಕಾದ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಜೊತೆ ಹಾಡುವವರಲ್ಲಿ ಇವನೂ ಒಬ್ಬ.

ಈಗ ಖರೀದಿ ಕಥೆ. ಡೌನ್‌ನ ಮೊದಲ ಆಲ್ಬಂ 'ನೋಲಾ' 1995ರದ್ದು. ನೋಲಾ ಅಂದರೆ ನ್ಯೂ ಆರ್ಲಿಯನ್ಸ್‌ಗೆ ಇರುವ ಚುಟುಕು ಹೆಸರು. ಆನ್‌ಲೈನ್ ಅಂಗಡಿಯೊಂದರಲ್ಲಿ ಆರ್ಡರ್ ಮಾಡಿದೆ. ಬಂದ ಡಬ್ಬಿ ಬಿಚ್ಚಿದರೆ ಒಳಗೆ ಸಿಸ್ಟಮ್ ಆಫ್ ಎ ಡೌನ್ ಅನ್ನುವ ಬೇರೆಯೇ ಬ್ಯಾಂಡಿನ ಸಿಡಿ! ಬಿಲ್‌ನಲ್ಲಿ ಸರಿಯಾಗಿಯೇ ಬರೆದಿತ್ತು, ಕಳಿಸಿದ್ದು ಮಾತ್ರ ಬೇರೆ. ಫೋಟೋ ಕಳಿಸಿ ಅಂದರು, ಕಳಿಸಿದೆ. ಸೀಲ್ ಒಡೆದಿದೆ, ವಾಪಸ್ ಆಗಲ್ಲ ಅಂದರು. ಸೀಲ್ ಒಡೆದಿರಲಿಲ್ಲ. ಮತ್ತೆ ಫೋಟೋ. ದುಡ್ಡು ವಾಪಸ್ ಬರುವಷ್ಟರಲ್ಲಿ ಕೇಳುವ ಆಸೆಯೇ ಅರ್ಧ ಇಳಿದಿತ್ತು.

ಹೋಗಲಿ, ಆ್ಯಪ್‌ನಲ್ಲೇ ಕೇಳೋಣ ಅಂತ ಕೂತರೆ ಅಲ್ಲೂ ಅದೇ ಗೋಳು. ಬ್ಯಾಂಡಿನ ಹೆಸರು ಇಂಗ್ಲಿಷ್‌ನಲ್ಲಿ ನಾಲ್ಕೇ ಅಕ್ಷರ. ಅದನ್ನು ಟೈಪ್ ಮಾಡಿದರೆ ಹೆಸರಿನಲ್ಲಿ ಎಲ್ಲೋ ಆ ಪದ ಇರುವ ಪಾಪ್ ಹಾಡು, ರಾಪ್ ಹಾಡು, ಡಿಜೆ ಮಿಕ್ಸ್ ಎಲ್ಲ ಸಾಲಾಗಿ ಬರುತ್ತವೆ. 'ನೋಲಾ' ಅಂತ ಹುಡುಕಿದರೆ ಆ ಊರಿನ ಜಾಝ್ ಪಟ್ಟಿಗಳು. ಬೈಕ್ ಹತ್ತುವ ಮೊದಲು ಫೋನಿಗೆ ಬಾಯಲ್ಲಿ ಹೇಳಿ ಹಾಡು ಹಾಕಿಸುವ ಅಭ್ಯಾಸ ನನ್ನದು. ಆ ಹೆಸರು ಹೇಳಿದರೆ ಫೋನ್ ವಾಲ್ಯೂಮ್ ಇಳಿಸುತ್ತದೆ. ಪ್ರತಿ ಸಲವೂ.

ಕೊನೆಗೆ ಸಿಕ್ಕ ದಾರಿ ಇದು. ಬ್ಯಾಂಡ್ ಹೆಸರು ಬಿಟ್ಟು 'ಸ್ಟೋನ್ ದ ಕ್ರೋ' ಅಂತ ಹಾಡಿನ ಹೆಸರು ಹಾಕಿ, ಅಲ್ಲಿಂದ ಕಲಾವಿದರ ಪುಟಕ್ಕೆ ಹೋಗಿ, ಆಲ್ಬಂಗಳನ್ನು ಒಂದೊಂದಾಗಿ ಸೇವ್ ಮಾಡಿಟ್ಟುಕೊಳ್ಳಿ. ಒಮ್ಮೆ ಮಾಡಿಟ್ಟರೆ ಆಯಿತು. ಆದರೆ ಸ್ನೇಹಿತರಿಗೆ ಯಾರಿಗಾದರೂ ಡೌನ್ ಕೇಳು ಅಂದರೆ ಅವರೂ ಇದೇ ಸುತ್ತು ಹೊಡೆಯಬೇಕು. ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. ಅಷ್ಟು ಒಳ್ಳೆ ಆಲ್ಬಂಗೆ ಹೀಗಾಗುವುದು ನನಗೆ ನಿಜಕ್ಕೂ ಬೇಜಾರು.

ಯಾಕೆಂದರೆ 'ನೋಲಾ' ಅದ್ಭುತವಾಗಿದೆ. 1991ರಲ್ಲಿ ಆನ್ಸೆಲ್ಮೊ, ಪೆಪ್ಪರ್, ಕ್ರೋಬಾರ್ ಬ್ಯಾಂಡಿನ ಕರ್ಕ್ ವಿಂಡ್‌ಸ್ಟೀನ್ ಮತ್ತು ಟಾಡ್ ಸ್ಟ್ರೇಂಜ್, ಐಹೇಟ್‌ಗಾಡ್ ಬ್ಯಾಂಡಿನ ಜಿಮ್ಮಿ ಬೋವರ್ ಸೇರಿ ಕಟ್ಟಿದ ಗುಂಪು ಇದು. ಬೋವರ್ ತನ್ನ ಬ್ಯಾಂಡಿನಲ್ಲಿ ಗಿಟಾರಿಸ್ಟ್, ಇಲ್ಲಿ ಡ್ರಮ್ಸ್ ಮುಂದೆ ಕೂತಿದ್ದಾನೆ. ಶುರುವಿನಲ್ಲಿ ಇವರು ಯಾರು ಅಂತ ಹೇಳಿಕೊಳ್ಳದೆ, ಡೆಮೊ ಕ್ಯಾಸೆಟ್ ಕಾಪಿ ಮಾಡಿ ಕೈಯಿಂದ ಕೈಗೆ ದಾಟಿಸಿದರು. ಆಲ್ಬಂನ ಕೊನೆಯ ಹಾಡು 'ಬರಿ ಮಿ ಇನ್ ಸ್ಮೋಕ್' ಲೋಡ್ ಲಾರಿ ಘಾಟಿ ಹತ್ತಿದ ಹಾಗೆ ಬರುತ್ತದೆ. ಆತುರವೇ ಇಲ್ಲ. ಒಂದೇ ರಿಫ್, ಅಂದರೆ ಗಿಟಾರ್‌ನ ಚಿಕ್ಕ ಪಲುಕು, ಕೊನೆಯಲ್ಲಿ ತಿರುಗಿ ತಿರುಗಿ ಬರುತ್ತಿದ್ದರೂ ಸಾಕು ಅನಿಸುವುದಿಲ್ಲ.

ಹಾಗಾದರೆ ಸಿಒಸಿ ಯಾಕೆ ಮುಂದೆ? ಒಂದು, ಕೇಳೋಕೆ ಜಾಸ್ತಿ ಇದೆ. ಎರಡು, ಪೆಪ್ಪರ್‌ನ ದನಿ.

ನಾರ್ತ್ ಕ್ಯಾರೊಲೈನಾದ ರಾಲೀ ಊರಿನಲ್ಲಿ 1982ರಲ್ಲಿ ಶುರುವಾದಾಗ ಇದು ಅಪ್ಪಟ ಹಾರ್ಡ್‌ಕೋರ್ ಪಂಕ್ ಬ್ಯಾಂಡ್. ವುಡಿ ವೆದರ್‌ಮನ್ ಗಿಟಾರ್, ಮೈಕ್ ಡೀನ್ ಬಾಸ್, ರೀಡ್ ಮುಲಿನ್ ಡ್ರಮ್ಸ್. 1985ರ 'ಅನಿಮಾಸಿಟಿ' ಕೇಳಿದರೆ ಹಾಡು ಶುರುವಾಗಿ ಮುಗಿದದ್ದೇ ಗೊತ್ತಾಗುವುದಿಲ್ಲ, ಅಷ್ಟು ವೇಗ. 1991ರ 'ಬ್ಲೈಂಡ್' ಹೊತ್ತಿಗೆ ವೇಗ ಇಳಿದು ತೂಕ ಬಂತು. ಹಾಡುಗಾರ ಕಾರ್ಲ್ ಆಗೆಲ್, ಪೆಪ್ಪರ್ ಎರಡನೇ ಗಿಟಾರಿಸ್ಟ್. 'ವೋಟ್ ವಿತ್ ಎ ಬುಲೆಟ್' ಅನ್ನುವ ಒಂದು ಹಾಡು ಮಾತ್ರ ಪೆಪ್ಪರ್ ಬಾಯಿಗೆ ಬಂತು. ಆ ಆಲ್ಬಂನಿಂದ ಜನಕ್ಕೆ ನೆನಪಿರುವುದೂ ಅದೇ. ಆಗೆಲ್ ಹೋದ, ಮುಂದೆ ಹಾಡುವ ಕೆಲಸ ಪೆಪ್ಪರ್‌ಗೆ ಬಂತು.

ಅದರ ಫಲ 1994ರ 'ಡೆಲಿವರೆನ್ಸ್'. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಸಿಡಿಗಳಲ್ಲಿ ಇದಕ್ಕೆ ಕೊಟ್ಟಷ್ಟು ಸಾರ್ಥಕ ದುಡ್ಡು ಬೇರೆ ಯಾವುದಕ್ಕೂ ಕೊಟ್ಟಿಲ್ಲ. 'ಕ್ಲೀನ್ ಮೈ ವೂಂಡ್ಸ್' ಹಾಕಿ, ಹೆಡ್‌ಫೋನ್‌ನಲ್ಲಿ ಕೇಳಿ. ರಿಫ್ ನೇರವಾಗಿ ಓಡುವುದಿಲ್ಲ, ತೂಗಾಡಿಕೊಂಡು ಓಡುತ್ತದೆ. ಎರಡು ಗಿಟಾರ್ ಜೋಡಿಯಾಗಿ ಒಂದೇ ರಾಗವನ್ನು ಬೇರೆ ಬೇರೆ ಸ್ವರದಿಂದ ಹಿಡಿಯುವ ಜಾಗ ಬರುತ್ತದೆ. ಅಲ್ಲಿ ಹೆವಿ ಮೆಟಲ್‌ನ ಮೂಲಪುರುಷರಾದ ಬ್ಲ್ಯಾಕ್ ಸಬ್ಬತ್ ಕೂಡ ಇದೆ, ಲಿನರ್ಡ್ ಸ್ಕಿನರ್ಡ್ ಕೂಡ ಇದೆ. 'ಅಲ್ಬಟ್ರಾಸ್'ನಲ್ಲಿ ಪೆಪ್ಪರ್ ಕಿರುಚುವುದಿಲ್ಲ. ಮಾತನ್ನು ಸ್ವಲ್ಪ ಎಳೆದು, ತಡವಾಗಿ ಬಿಡುತ್ತಾನೆ. ಡ್ರಮ್ಸ್ ಮುಂದೆ ಹೋಗಿರುತ್ತದೆ, ದನಿ ಹಿಂದಿನಿಂದ ನಿಧಾನವಾಗಿ ಬಂದು ಸೇರುತ್ತದೆ. ದಕ್ಷಿಣದ ಗುಣ ಅಂತ ನಾನು ಹೇಳುವುದು ಇದನ್ನೇ. ಡೌನ್‌ನಲ್ಲಿ ಈ ಗಿಟಾರ್ ಇದೆ, ಈ ದನಿ ಮುಂದೆ ಇಲ್ಲ. ಆನ್ಸೆಲ್ಮೊ ದೊಡ್ಡ ಹಾಡುಗಾರ, ನಿಜ. ಆದರೆ ಅವನ ನೋವು ಯಾವಾಗಲೂ ಮೇಲೆಯೇ ತೇಲುತ್ತಿರುತ್ತದೆ. ಕೆಲಸ ಮುಗಿಸಿ ಸುಸ್ತಾಗಿ ಬಂದ ಸಂಜೆ ನನಗೆ ಅದು ಭಾರ.

1996ರ 'ವೈಸ್‌ಬ್ಲಡ್' ಕೂಡ ಅಷ್ಟೇ ಗಟ್ಟಿ. 'ಮ್ಯಾನ್ ಆರ್ ಆ್ಯಶ್' ಹಾಡಿನಲ್ಲಿ ಹೆಟ್‌ಫೀಲ್ಡ್ ಹಿಂದಿನಿಂದ ದನಿ ಸೇರಿಸಿದ್ದಾನೆ. 'ಡ್ರೌನಿಂಗ್ ಇನ್ ಎ ಡೇಡ್ರೀಮ್' ಗ್ರ್ಯಾಮಿಗೆ ನಾಮನಿರ್ದೇಶನವಾಯಿತು.

2000ದ 'ಅಮೆರಿಕಾಸ್ ವಾಲ್ಯೂಮ್ ಡೀಲರ್' ಮೆತ್ತಗಾಯಿತು, ಕೊಳ್ಳಬೇಡಿ. 'ಸ್ಟೇರ್ ಟೂ ಲಾಂಗ್' ಒಂದನ್ನು ಆ್ಯಪ್‌ನಲ್ಲಿ ಕೇಳಿ ಸಾಕು, ಅದರಲ್ಲಿ ಆಲ್‌ಮನ್ ಬ್ರದರ್ಸ್‌ನ ವಾರನ್ ಹೇಯ್ನ್ಸ್ ಸ್ಲೈಡ್ ಗಿಟಾರ್ ನುಡಿಸಿದ್ದಾನೆ.

ಸಿಒಸಿ ಕಡೆಯೂ ಒಂದು ತೊಡಕಿದೆ. ಕಲಾವಿದರ ಪುಟ ತೆರೆದು ಷಫಲ್ ಒತ್ತಬೇಡಿ. 1994ರ ಹಾಡಿನ ಬೆನ್ನಿಗೆ 1985ರ ಪಂಕ್ ಬರುತ್ತದೆ, ಹಾಡುಗಾರನೇ ಬೇರೆ. ಇನ್ನೊಂದು, ಬ್ಯಾಂಡಿನ ಹೆಸರನ್ನೇ ಇಟ್ಟುಕೊಂಡ ಆಲ್ಬಂ ನೋಡಿ ಇದೇ ಮೊದಲನೆಯದು ಅಂತ ಹೊಸಬರು ಅದನ್ನೇ ಒತ್ತುತ್ತಾರೆ. ಅದು 2012ರದ್ದು. ಪೆಪ್ಪರ್ ಡೌನ್ ಕೆಲಸದಲ್ಲಿದ್ದಾಗ ಹಳೆಯ ಮೂವರೇ ಸೇರಿ ಮಾಡಿದ್ದು.

ಡೌನ್‌ನ ಮುಂದಿನ ಆಲ್ಬಂಗಳಿಗೆ ಕಾಯಬೇಕಾಯಿತು. ಎರಡನೆಯದು 2002ರಲ್ಲಿ. ಆನ್ಸೆಲ್ಮೊನ ಕೊಟ್ಟಿಗೆಯಲ್ಲಿ 28 ದಿನದಲ್ಲಿ ಮುಗಿಸಿದ್ದು, ಆ ಅವಸರ ಕಿವಿಗೆ ಗೊತ್ತಾಗುತ್ತದೆ. 2007ರ 'ಓವರ್ ದಿ ಅಂಡರ್' ಬೇರೆಯೇ ಮಟ್ಟದ್ದು. 2004ರಲ್ಲಿ ಪ್ಯಾಂಟೆರಾದಲ್ಲಿ ಆನ್ಸೆಲ್ಮೊ ಜೊತೆಗಿದ್ದ ಗಿಟಾರಿಸ್ಟ್ ಡೈಮ್‌ಬ್ಯಾಗ್ ಡ್ಯಾರೆಲ್ ಕೊಲೆಯಾಗಿತ್ತು, 2005ರಲ್ಲಿ ಕತ್ರೀನಾ ಚಂಡಮಾರುತ ಇವರ ಊರನ್ನೇ ಮುಳುಗಿಸಿತ್ತು. ಆ ದುಃಖ ಹಾಡಾಗಿದೆ. ಆಮೇಲೆ 2012, 2014ರಲ್ಲಿ ಎರಡು ಇಪಿ (ಆಲ್ಬಂಗಿಂತ ಚಿಕ್ಕ ಸಂಗ್ರಹ), ಅಷ್ಟೇ.

ಇನ್ನೊಂದು ಮಾತು ಹೇಳಲೇಬೇಕು. 2016ರ ಜನವರಿಯಲ್ಲಿ ಆನ್ಸೆಲ್ಮೊ ವೇದಿಕೆ ಮೇಲೆ ನಾಜಿ ಸೆಲ್ಯೂಟ್ ಹೊಡೆದು ಬಿಳಿಯರ ಪರ ಘೋಷಣೆ ಕೂಗಿದ. ಆಮೇಲೆ ಕ್ಷಮೆ ಕೇಳಿದ. ಕ್ಷಮಿಸುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗಂತೂ ಆ ವಿಡಿಯೋ ನೋಡಿದ ಮೇಲೆ ಡೌನ್ ಹಾಕುವಾಗ ಮನಸ್ಸು ಮೊದಲಿನಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಪೆಪ್ಪರ್ ಸಿಒಸಿಗೆ ವಾಪಸ್ ಬಂದು 2018ರಲ್ಲಿ 'ನೋ ಕ್ರಾಸ್ ನೋ ಕ್ರೌನ್' ಕೊಟ್ಟ. ಅವನಿದ್ದ ಹಿಂದಿನ ಸಿಒಸಿ ಆಲ್ಬಂ 2005ರದ್ದು. 13 ವರ್ಷದ ಅಂತರ ಇದರಲ್ಲಿ ಕೇಳಿಸುವುದೇ ಇಲ್ಲ. ಮುಲಿನ್ ನುಡಿಸಿದ ಕೊನೆಯ ಸಿಒಸಿ ಆಲ್ಬಂ ಇದು. 2020ರ ಜನವರಿಯಲ್ಲಿ ಅವನು ತೀರಿಕೊಂಡ, ವಯಸ್ಸು ಬರೀ 53. 'ಡೆಲಿವರೆನ್ಸ್'ನ ಆ ತೂಗಾಟದಲ್ಲಿ ಅರ್ಧ ಪಾಲು ಅವನದ್ದು.

ನನ್ನ ಲೆಕ್ಕ ಇಷ್ಟು. ನಾನು ಎಲ್‌ಪಿ ಕೊಳ್ಳುವುದಿಲ್ಲ, ಒಂದರ ದುಡ್ಡಿಗೆ ಹಳೆಯ ಸಿಡಿ ಮೂರು ಬರುತ್ತವೆ. ಮೂರಕ್ಕೆ ದುಡ್ಡಿದ್ದರೆ 'ಡೆಲಿವರೆನ್ಸ್', 'ವೈಸ್‌ಬ್ಲಡ್', 'ನೋಲಾ', ಇದೇ ಕ್ರಮದಲ್ಲಿ. ಒಂದಕ್ಕೆ ಮಾತ್ರ ಇದ್ದರೆ ಯೋಚನೆಯೇ ಬೇಡ, 'ಡೆಲಿವರೆನ್ಸ್'. ರಾತ್ರಿ ಒಬ್ಬರೇ ಕೂತು ಕತ್ತಲಲ್ಲಿ ಕೇಳುವ ಅಭ್ಯಾಸ ನಿಮಗಿದ್ದರೆ ಮಾತ್ರ 'ನೋಲಾ' ಮೊದಲಿರಲಿ. ನಾನು ಕೇಳುವುದು ಅಡುಗೆ ಮಾಡುವಾಗ, ಬೈಕ್‌ನಲ್ಲಿ ಹೋಗುವಾಗ. ಮುಂದಿನ ತಿಂಗಳು ಕೊಳ್ಳಬೇಕು ಅಂತಿರುವುದು 2005ರ 'ಇನ್ ದಿ ಆರ್ಮ್ಸ್ ಆಫ್ ಗಾಡ್'. ಅದರಲ್ಲಿ ಡ್ರಮ್ಸ್ ನುಡಿಸಿದ್ದು ಸ್ಟ್ಯಾಂಟನ್ ಮೂರ್, ಗ್ಯಾಲಕ್ಟಿಕ್ ಅನ್ನುವ ನ್ಯೂ ಆರ್ಲಿಯನ್ಸ್ ಫಂಕ್ ಬ್ಯಾಂಡಿನವನು. ಆ್ಯಪ್‌ನಲ್ಲಿ ಕೇಳಿ ಆಗಿದೆ, ಸಿಡಿ ಬೇಕೇ ಬೇಕು.