ಬಾಯ್ಲರ್‌ಗೆ ಹಾಕಿಸಿದ ಮ್ಯಾಗ್ನೆಟಿಕ್ ಫಿಲ್ಟರ್: ಕೆಲವು ಚಳಿಗಾಲ ಕಳೆದ ಮೇಲೆ

ಇಂಗ್ಲೆಂಡಿನ ರೀಡಿಂಗ್‌ನಲ್ಲಿ ನಮ್ಮದು ಹಳೇ ಸೆಮಿ ಮನೆ, ಅಂದರೆ ಒಂದು ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿರುವಂಥದ್ದು. ನಲ್ಲಿಗೂ ರೇಡಿಯೇಟರ್‌ಗೂ ಒಂದೇ ಪೆಟ್ಟಿಗೆಯಲ್ಲಿ ನೀರು ಕಾಯಿಸುವ ಕಾಂಬಿ ಬಾಯ್ಲರ್, ಆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡಲು ಕೋಣೆಗೊಂದು ಸ್ಟೀಲ್ ರೇಡಿಯೇಟರ್. ಬಾಯ್ಲರ್‌ಗೆ ನೀರು ವಾಪಸ್ ಬರುವ ಪೈಪಿಗೆ ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿಸಿ ಕೆಲವು ಚಳಿಗಾಲ ಕಳೆದಿವೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಇದೊಂದು ಹಾಕಿಸಿದರೆ ತಣ್ಣಗಿರುವ ರೇಡಿಯೇಟರ್ ಬಿಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ರೇಡಿಯೇಟರ್ ಒಳಗಿನ ಸ್ಟೀಲ್ ತುಕ್ಕು ಹಿಡಿದಾಗ ಮ್ಯಾಗ್ನಟೈಟ್ ಎಂಬ ಕಪ್ಪು ಪುಡಿ ಏಳುತ್ತದೆ. ನೀರಿನ ಜೊತೆ ಸುತ್ತುವ ಆ ಪುಡಿಯನ್ನು ಅಯಸ್ಕಾಂತ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ ಇದರ ಕೆಲಸ. ವರ್ಷಕ್ಕೊಮ್ಮೆ ಬಾಯ್ಲರ್ ಆರಿಸಿ, ತಣ್ಣಗಾದ ಮೇಲೆ ಫಿಲ್ಟರ್‌ನ ಎರಡೂ ಕಡೆಯ ವಾಲ್ವ್ ಮುಚ್ಚಿ, ಪ್ರೆಷರ್ ಬಿಟ್ಟು, ಮುಚ್ಚಳ ತಿರುಗಿಸಿ ತೆಗೆಯಬೇಕು. ಒಳಗಿನ ಕಡ್ಡಿಯ ಸುತ್ತ ಎಣ್ಣೆಯಲ್ಲಿ ಕಲಸಿದ ಕಾಡಿಗೆಯಂಥ ರಾಡಿ. ಕೆಳಗೆ ಹಳೇ ಟವೆಲ್ ಹಾಸಿಕೊಳ್ಳಿ, ನೆಲಕ್ಕೆ ಬಿದ್ದರೆ ಕಲೆ ಹೋಗುವುದಿಲ್ಲ. ಮೊದಲ ಸಲ ದಪ್ಪಗೆ ಮೆತ್ತಿಕೊಂಡಿತ್ತು, ಈಗ ತೆಳ್ಳಗೆ ಒಂದು ಪದರ ಇರುತ್ತದೆ. ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ಫಿಲ್ಟರ್ ಅಲ್ಲ, ರೇಡಿಯೇಟರ್‌ಗಳಲ್ಲಿ ಸುತ್ತುವ ನೀರಿಗೆ ಹಾಕುವ ಇನ್‌ಹಿಬಿಟರ್ ಎಂಬ ರಾಸಾಯನಿಕ. ಯಾವ ಕಾರಣಕ್ಕಾದರೂ ನೀರು ಖಾಲಿ ಮಾಡಿಸಿದರೆ ಅದನ್ನು ಮತ್ತೆ ಹಾಕಿಸಲೇಬೇಕು.

ಫಿಲ್ಟರ್ ಇದ್ದರೂ ಒಂದು ಅಕ್ಟೋಬರ್‌ನಲ್ಲಿ ಮಹಡಿಯ ಬೆಡ್‌ರೂಮ್ ರೇಡಿಯೇಟರ್ ಬಿಸಿಯಾಗಲೇ ಇಲ್ಲ. ನೋಡಲು ಬಂದವರು ಇಡೀ ಮನೆಗೆ ಪವರ್ ಫ್ಲಶ್ ಮಾಡಿಸಿ, ಅಂದರೆ ಯಂತ್ರದಿಂದ ಜೋರಾಗಿ ನೀರು ಹರಿಸಿ ಪೈಪು, ರೇಡಿಯೇಟರ್‌ಗಳ ರಾಡಿ ತೊಳೆಸಿ ಅಂದರು. ಅದಕ್ಕೆ ನೂರಾರು ಪೌಂಡ್! ರಾಡಿ ಕೂತಿದ್ದರೆ ಸಾಮಾನ್ಯವಾಗಿ ತಳಭಾಗ ತಣ್ಣಗಿದ್ದು ಮೇಲೆ ಬಿಸಿ ಇರಬೇಕು, ಅಲ್ವಾ? ಇಲ್ಲಿ ಪೈಪು ವಾಲ್ವ್‌ವರೆಗೆ ಸುಡುತ್ತಿತ್ತು, ಆಚೆಗೆ ಪೂರ್ತಿ ತಣ್ಣಗೆ. ಅಂದರೆ ಅನುಮಾನ ಥರ್ಮೋಸ್ಟ್ಯಾಟ್ ವಾಲ್ವ್ ಮೇಲೆ, ಕೋಣೆಯ ಬಿಸಿ ನೋಡಿ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್ ಅದು. ಅಂಕಿ ಬರೆದಿರುವ ಆ ತಲೆಯನ್ನು ಬಿಚ್ಚಿದರೆ ಒಂದು ಸಣ್ಣ ಪಿನ್ ಕಾಣುತ್ತದೆ. ಒತ್ತಿದರೆ ಒಳಗೆ ಹೋಗಿ ತಾನೇ ಮೇಲೇಳಬೇಕು. ಬೇಸಿಗೆಯಿಡೀ ಮುಚ್ಚಿಟ್ಟಿದ್ದಕ್ಕೆ ನಮ್ಮದು ಒಳಗೇ ಕಚ್ಚಿಕೊಂಡಿತ್ತು. ವಾಲ್ವ್ ಪಕ್ಕಕ್ಕೆ ಮೆಲ್ಲಗೆ ತಟ್ಟಿ, ಒಂದು ತೊಟ್ಟು ಲೂಬ್ರಿಕೆಂಟ್ ಬಿಟ್ಟು ಅಲ್ಲಾಡಿಸಿದ ಮೇಲೆ ಬಿಟ್ಟುಕೊಂಡಿತು. ಇಕ್ಕಳದಿಂದ ಎಳೆಯಲು ಮಾತ್ರ ಹೋಗಬೇಡಿ, ಪಿನ್ ಕೈಗೆ ಬಂದರೆ ನೀರು ಚಿಮ್ಮುತ್ತದೆ. ಈಗ ಬೇಸಿಗೆಯಲ್ಲಿ ಎಲ್ಲಾ ವಾಲ್ವ್ ಪೂರ್ತಿ ತೆರೆದಿಡುತ್ತೇವೆ.

ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಗಾಳಿ ಸೇರಿಕೊಂಡಿದೆ. ಹೀಟಿಂಗ್ ಆರಿಸಿ, ರೇಡಿಯೇಟರ್ ಮೇಲ್ತುದಿಯಲ್ಲಿ ಗಾಳಿ ಬಿಡುವ ಸಣ್ಣ ತಿರುಪಿಗೆ ಅದರ ಕೀ ಹಾಕಿ ಸ್ವಲ್ಪವೇ ತಿರುಗಿಸಿ, ಬುಸ್ ಅನ್ನುವುದು ನಿಂತು ನೀರು ಬಂದ ಕೂಡಲೇ ಮುಚ್ಚಿ. ಆಮೇಲೆ ಬಾಯ್ಲರ್‌ನ ಪ್ರೆಷರ್ ಗೇಜ್ ನೋಡಿ. ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು. ಪದೇಪದೇ ಹೀಗೆ ಗಾಳಿ ಬಿಡಬೇಕಾಗಿ ಬಂದರೆ ಅದು ಬರೀ ಗಾಳಿ ಆಗಿರಲಿಕ್ಕಿಲ್ಲ, ತುಕ್ಕಿನಿಂದ ಹುಟ್ಟುವ ಹೈಡ್ರೋಜನ್ ಇದ್ದೀತು. ಹತ್ತಿರ ಬೆಂಕಿ ಬೇಡ, ಇನ್‌ಹಿಬಿಟರ್ ಪರೀಕ್ಷೆ ಮಾಡಿಸಿ. ನಲ್ಲಿಯಲ್ಲಿ ಬಿಸಿನೀರು ಬಂದು ಒಂದು ರೇಡಿಯೇಟರೂ ಬಿಸಿಯಾಗದಿದ್ದರೆ ಬಿಸಿಯನ್ನು ನಲ್ಲಿಗೋ ರೇಡಿಯೇಟರ್‌ಗೋ ತಿರುಗಿಸುವ, ಬಾಯ್ಲರ್ ಒಳಗಿನ ಡೈವರ್ಟರ್ ವಾಲ್ವ್ ಕೆಟ್ಟಿರಬಹುದು. ಬಾಯ್ಲರ್ ಕವರ್ ನಾವು ಮುಟ್ಟಬಾರದು, ಅದಕ್ಕೆ ಗ್ಯಾಸ್ ಸೇಫ್ (ಇಲ್ಲಿನ ಗ್ಯಾಸ್ ಕೆಲಸದವರ ಅಧಿಕೃತ ಪಟ್ಟಿ) ನೋಂದಣಿ ಇದ್ದವರೇ ಬೇಕು.

ಫಿಲ್ಟರ್ ಬಗ್ಗೆ ನನ್ನ ತಕರಾರು ಒಂದೇ. ಅಡುಗೆಮನೆಯ ಕಪಾಟಿನೊಳಗೆ ಬಾಯ್ಲರ್ ಇರುವವರಿಗೆ ಮುಚ್ಚಳ ಬಿಚ್ಚಲು ಕೈ ಹೋಗುವಷ್ಟು ಜಾಗ ಸಿಗುವುದು ಕಷ್ಟ. ಹಾಕುವ ಮುಂಚೆಯೇ ನಿಂತು ನೋಡಿ ಜಾಗ ಗುರುತು ಮಾಡಿಸಿ. ಬಾಡಿಗೆ ಮನೆಯಾದರೆ ಸುಮ್ನೆ ಕೈಯಿಂದ ಖರ್ಚು ಮಾಡಬೇಡಿ. ಇಂಗ್ಲೆಂಡಿನಲ್ಲಿ ಹೀಟಿಂಗ್ ರಿಪೇರಿ ಸಾಮಾನ್ಯವಾಗಿ ಮನೆ ಮಾಲೀಕರ ಹೊಣೆ, ಅವರಿಗೆ ಬರೆದು ತಿಳಿಸಿ.