ಹೊಟ್ಟೆಯ ಟ್ಯೂಬಿನ ಸುತ್ತ: ಗಾಜ್, ಫೋಮ್, ಜಿಂಕ್ ಮುಲಾಮು

ಮಗಳಿಗೆ ಗಂಜಿ ಕೊಡಲು ಹೊಟ್ಟೆಯ ತೂತಿನಿಂದ ಜಠರಕ್ಕೆ ಹಾಕಿರುವ ಟ್ಯೂಬಿನ ಸುತ್ತಲಿನ ಚರ್ಮ ಕೆಂಪಾಗದಂತೆ ಕಾಪಾಡಲು ನಮ್ಮ ಮನೆಯಲ್ಲಿ ಗೆದ್ದದ್ದು ಜಿಂಕ್ ಆಕ್ಸೈಡ್ ಮುಲಾಮು. ಬೆಂಗಳೂರಿನಿಂದ ತರಿಸಿದ, ಸ್ಪಂಜಿನಂಥ ಫೋಮ್ ಡ್ರೆಸ್ಸಿಂಗ್ ಅರ್ಧ ಡಬ್ಬಿ ಇನ್ನೂ ಕಪಾಟಿನಲ್ಲಿದೆ. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಗಾಜ್, ಅಂದರೆ ಗಾಯಕ್ಕೆ ಕಟ್ಟುವ ಜಾಳುಬಟ್ಟೆ, ಅಗ್ಗ, ಮೂಡಿಗೆರೆಯಲ್ಲೇ ಸಿಗುತ್ತದೆ. ಸೋರಿದ್ದನ್ನು ಹೀರುತ್ತದೆ, ನಿಜ. ಹೀರಿದ್ದನ್ನು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಸೋರುವುದು ಬರೀ ಗಂಜಿಯಲ್ಲ, ಜೊತೆಗೆ ಜಠರದ ಆಮ್ಲವೂ ಇರುತ್ತದೆ. ದಪ್ಪವಾಗಿ ತುರುಕಿದರೆ ಟ್ಯೂಬನ್ನು ಹೊರಗಿನಿಂದ ಹಿಡಿದಿಡುವ ಪುಟ್ಟ ತಟ್ಟೆ ಮೇಲೆದ್ದು ಟ್ಯೂಬನ್ನು ಎಳೆಯುತ್ತದೆ.

ಅತ್ತೆ ಹಳೆಯ ಹತ್ತಿ ಸೀರೆಯಲ್ಲಿ ಹೊಲಿದುಕೊಟ್ಟ ಪ್ಯಾಡುಗಳು ಗಾಜ್‌ಗಿಂತ ಮೃದು. ಆದರೆ ಆಷಾಢದಲ್ಲಿ ನಮ್ಮ ಕಡೆ ಬಟ್ಟೆ ಒಣಗಬೇಕಲ್ಲ! ಒಲೆಯ ಮೇಲೆ ನೇತುಹಾಕಿದರೆ ಹೊಗೆ ವಾಸನೆ, ಇಸ್ತ್ರಿ ಹಾಕೋಣವೆಂದರೆ ಕರೆಂಟಿಲ್ಲ. ಬೇಸಿಗೆಗೆ ಸರಿ.

ಫೋಮ್ ಹೀರುವುದರಲ್ಲಿ ಎಲ್ಲವನ್ನೂ ಮೀರಿಸುತ್ತದೆ. ತಕರಾರಿರುವುದು ಅದನ್ನು ನಿಲ್ಲಿಸುವುದರಲ್ಲಿ. ನಾನು ತರಿಸಿದ್ದಕ್ಕೆ ಅಂಟಿನ ಅಂಚಿರಲಿಲ್ಲ, ಮೇಲೆ ಟೇಪ್ ಹಾಕಬೇಕು. ಮುಲಾಮು ಸವರಿದ ಚರ್ಮಕ್ಕೆ ಟೇಪ್ ಹಿಡಿಯುವುದಿಲ್ಲ. ಮುಲಾಮಿಲ್ಲದೆ ಅಂಟಿಸಿದರೆ ಕೀಳುವಾಗ ಮೊದಲೇ ನೊಂದ ಚರ್ಮವೂ ಕಿತ್ತುಬರುತ್ತದೆ. ಮಗಳಿಗೋ ಟೇಪಿನ ಅಂಚು ಕಂಡರೆ ಉಗುರಿನಿಂದ ಎಬ್ಬಿಸುವ ಚಪಲ. ಮಳೆಗಾಲದ ತೇವಕ್ಕೆ ಅದು ತಾನಾಗಿಯೂ ಏಳುತ್ತದೆ.

ಇನ್ನೊಂದು ಕಷ್ಟ ದುಡ್ಡಿನದು. ಗಾಜ್ ಒದ್ದೆಯಾದರೆ ಯೋಚಿಸದೆ ಎಸೆಯುತ್ತೇನೆ. ಫೋಮ್ ನೆನೆದಿದ್ದರೂ ಅಷ್ಟು ಬೆಲೆ ಕೊಟ್ಟದ್ದಲ್ಲ, ಇನ್ನೊಂದು ಹೊತ್ತು ಇರಲಿ ಎನಿಸುತ್ತದೆ. ಚರ್ಮ ಹಾಳಾಗುವುದು ಆ ಇನ್ನೊಂದು ಹೊತ್ತಿನಲ್ಲೇ.

ಜಿಂಕ್ ಮುಲಾಮಿಗೆ ಈ ರಗಳೆಯಿಲ್ಲ. ಸೌಮ್ಯ ಸೋಪು, ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಆಮ್ಲ ತಾಗುವಷ್ಟು ಜಾಗಕ್ಕೆ ಹಚ್ಚುತ್ತೇನೆ. ಗಂಜಿ ಸೋರಿದರೆ ಮೇಲಿನ ಕೊಳೆಯಾದ ಪದರವನ್ನಷ್ಟೇ ಒರೆಸಿ ಮತ್ತೆ ಸವರಿದರಾಯಿತು. ಪ್ರತಿ ಸಲವೂ ಚರ್ಮ ಕಾಣುವವರೆಗೆ ಉಜ್ಜಬಾರದು. ಬಿಳಿ ಪದರದಡಿ ಕೆಂಪು ಕಾಣುವುದಿಲ್ಲವೆಂಬುದೊಂದು ದೋಷ. ಅದಕ್ಕೆ ಸಂಜೆಯ ಸ್ನಾನದ ಹೊತ್ತಿಗೆ ಎಣ್ಣೆ ಹಚ್ಚಿ ಮೆಲ್ಲಗೆ ಬಿಡಿಸಿ, ಬೆಳಕಿನಲ್ಲಿ ನೋಡುತ್ತೇನೆ. ಬಟ್ಟೆಗೆ ಹತ್ತಿದ ಕಲೆ ಮಾತ್ರ ಹೋಗುವುದಿಲ್ಲ.

ಕೆಂಪಿನ ಅಂಚಿನಾಚೆ ಸಣ್ಣ ಗುಳ್ಳೆಗಳೆದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು. ಅದಕ್ಕೆ ಬೇರೆ ಔಷಧಿ ಬೇಕು. ತೂತಿನ ಸುತ್ತ ಒದ್ದೆಯಾದ ಕೆಂಪು ಮಾಂಸ ಬೆಳೆದರೂ ವೈದ್ಯರೇ ನೋಡಬೇಕು. ಸೋರುವುದು ಒಮ್ಮೆಲೇ ಹೆಚ್ಚಾದರೆ ಯಾವ ಮುಲಾಮು ಹಚ್ಚಿಯೂ ಪ್ರಯೋಜನವಿಲ್ಲ. ನೀರು ತುಂಬಿದ ಪುಟ್ಟ ಬಲೂನು ಜಠರದೊಳಗಿನಿಂದ ಹಿಡಿದಿಡುವ ಟ್ಯೂಬಾದರೆ, ಬಲೂನಿನ ನೀರು ಕಡಿಮೆಯಾಗಿರಬಹುದು. ನಮಗೆ ಅದನ್ನು ವಾರಕ್ಕೊಮ್ಮೆ ಅಳೆಯಲು ಹೇಳಿಕೊಟ್ಟಿದ್ದಾರೆ.

ಉಳಿದ ಫೋಮನ್ನು ಹಾಸನಕ್ಕೆ ತಪಾಸಣೆಗೆ ಹೋಗುವ ದಿನಕ್ಕೆ ಎತ್ತಿಟ್ಟಿದ್ದೇನೆ. ಬಸ್ಸಿನಲ್ಲಿ ಸೋರಿದರೆ ತೊಳೆಯಲು ಜಾಗವಿರುವುದಿಲ್ಲ.