ರಿಯಾಕ್ಟ್ ಹೆಲ್ಮೆಟ್ ಇನ್ನೂ ಬೇಕೆ? ಬಳಸಿ ಬರೆದ ವಿಮರ್ಶೆ

ಸಾಮಾನ್ಯ ಜಾಲತಾಣದಲ್ಲಿ ಪ್ರತಿಯೊಂದು ಪುಟವೂ ತನ್ನ ಶೀರ್ಷಿಕೆಯನ್ನು ತಾನೇ ಹೊತ್ತುಕೊಂಡು ಸರ್ವರ್‌ನಿಂದ ಬರುತ್ತದೆ. ಸಿಂಗಲ್ ಪೇಜ್ ಆಪ್‌ನಲ್ಲಿ ಹಾಗಲ್ಲ. ಅಲ್ಲಿ ಬರುವುದು ಒಂದೇ ಎಚ್‌ಟಿಎಂಎಲ್ ಕಡತ; ಆಮೇಲೆ ನಡೆಯುವ ಪುಟ ಬದಲಾವಣೆಗಳೆಲ್ಲ ಜಾವಾಸ್ಕ್ರಿಪ್ಟ್ ಕೆಲಸ. ಯಾವ ವಿಳಾಸಕ್ಕೆ ಯಾವ ಪುಟ ಎಂದು ನಿರ್ಧರಿಸುವ ರೌಟರ್ ಎಂಬ ಭಾಗ ವಿಳಾಸವನ್ನು ಬದಲಿಸಲು ಕರೆಯುವ ಪುಶ್‌ಸ್ಟೇಟ್ ಎಂಬ ಫಂಕ್ಷನ್‌ಗೆ ಶೀರ್ಷಿಕೆಗೆಂದೇ ಒಂದು ಸ್ಥಾನವಿದ್ದರೂ, ಬಹುತೇಕ ಎಲ್ಲ ಬ್ರೌಸರ್‌ಗಳೂ ಅದನ್ನು ಗಮನಿಸುವುದೇ ಇಲ್ಲ. ಹೀಗಾಗಿ ಓದುಗನು ಹತ್ತು ಪುಟ ತಿರುಗಿದರೂ ಟ್ಯಾಬಿನ ಮೇಲೆ ಮುಖಪುಟದ ಹೆಸರೇ ಉಳಿಯುತ್ತದೆ, ಬ್ರೌಸರಿನ ಇತಿಹಾಸದಲ್ಲಿ ಒಂದೇ ಹೆಸರಿನ ಹತ್ತು ಸಾಲುಗಳು ನಿಲ್ಲುತ್ತವೆ. ಈ ಕೊರತೆಯನ್ನು ತುಂಬಲು ಜಾವಾಸ್ಕ್ರಿಪ್ಟ್‌ನಲ್ಲಿ ಪುಟಗಳನ್ನು ಕಟ್ಟುವ ಸಾಧನವಾದ ರಿಯಾಕ್ಟ್ ಬಳಸುವವರು ವರ್ಷಗಳಿಂದ ನೆಚ್ಚಿಕೊಂಡಿರುವ ಲೈಬ್ರರಿ ರಿಯಾಕ್ಟ್ ಹೆಲ್ಮೆಟ್. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ನಡೆಯುವ ಪುಸ್ತಕ ಮಾರಾಟದ ಒಂದು ಆಪ್‌ನಲ್ಲಿ ಅದನ್ನು ದೀರ್ಘಕಾಲ ಬಳಸಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಇದನ್ನು ರೂಪಿಸಿದ್ದು ಅಮೆರಿಕದ ಫುಟ್‌ಬಾಲ್ ಸಂಸ್ಥೆಯಾದ ಎನ್‌ಎಫ್‌ಎಲ್‌ನ ಎಂಜಿನಿಯರಿಂಗ್ ತಂಡ. 2015ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ಬಳಸುವ ಕ್ರಮ ಬಹಳ ಸರಳ. ಯಾವ ಕಾಂಪೊನೆಂಟ್ (ಆಪ್ ಅನ್ನು ಕಟ್ಟುವ ಬಿಡಿಭಾಗ) ಪುಟವನ್ನು ತೋರಿಸುತ್ತದೆಯೋ ಅದರೊಳಗೇ ಹೆಲ್ಮೆಟ್ ಎಂಬ ಟ್ಯಾಗ್ ತೆರೆದು, ಅದರಲ್ಲಿ ಟೈಟಲ್, ಮೆಟಾ, ಲಿಂಕ್ ಟ್ಯಾಗ್‌ಗಳನ್ನು ಎಂದಿನ ಎಚ್‌ಟಿಎಂಎಲ್‌ನಂತೆ ಬರೆದರೆ ಸಾಕು, ಅವೆಲ್ಲ ದಾಖಲೆಯ ಹೆಡ್ ಭಾಗಕ್ಕೆ, ಅಂದರೆ ಪುಟದ ಬಗೆಗಿನ ಮಾಹಿತಿ ಇರುವ ತಲೆಭಾಗಕ್ಕೆ, ಹೋಗಿ ಸೇರುತ್ತವೆ. ಒಂದರೊಳಗೊಂದು ಹೆಲ್ಮೆಟ್ ಇದ್ದರೆ ಒಳಗಿನದರ ಮಾತೇ ನಡೆಯುತ್ತದೆ. ಹೊರಗಿನ ಕಾಂಪೊನೆಂಟ್ ಇಡೀ ಆಪ್‌ಗೆ ಒಂದು ವಿವರಣೆ ಕೊಟ್ಟು, ಒಳಗಿನ ಪುಸ್ತಕದ ಪುಟ ತನ್ನದೇ ವಿವರಣೆ ಕೊಟ್ಟರೆ, ಹೆಸರು ಒಂದೇ ಆಗಿರುವ ಆ ಎರಡು ಮೆಟಾ ಟ್ಯಾಗ್‌ಗಳಲ್ಲಿ ಹೊರಗಿನದು ತಾನಾಗಿ ಕೈಬಿಟ್ಟುಹೋಗುತ್ತದೆ. ಓದುಗ ಆ ಪುಟದಿಂದ ಹೊರಬಂದ ಕೂಡಲೇ ಹಳೆಯದು ಮರಳುತ್ತದೆ. ಈ ಗುಣವೇ ಹೆಲ್ಮೆಟ್‌ನ ಜೀವಾಳ ಎಂದು ನನಗನ್ನಿಸುತ್ತದೆ. ಪ್ರತಿ ಪುಟದಲ್ಲೂ ಶೀರ್ಷಿಕೆಯನ್ನು ಕೈಯಾರೆ ಹಾಕಿ, ಬಿಡುವಾಗ ಮರೆಯದೆ ತೆಗೆಯುವ ಶಿಸ್ತನ್ನು ಯಾವ ತಂಡವೂ ಬಹುಕಾಲ ಉಳಿಸಿಕೊಳ್ಳಲಾರದು.

ಶೀರ್ಷಿಕೆಗೆ ಅಚ್ಚು ಕೊಡುವ ಟೈಟಲ್ ಟೆಂಪ್ಲೇಟ್ ಸೌಲಭ್ಯವೂ ಇದರಲ್ಲಿದೆ: ಪುಟದ ಹೆಸರನ್ನಷ್ಟೇ ಕೊಟ್ಟರೆ ಅಂಗಡಿಯ ಹೆಸರು ತಾನಾಗಿ ಅದರ ಹಿಂದೆ ಸೇರಿಕೊಳ್ಳುತ್ತದೆ. ಆದರೆ ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಖಾಲಿ ಜಾಗದಲ್ಲಿ ತುಂಬಿದರೆ ವಾಕ್ಯ ಸರಿಯಾಗಿಯೇ ಇರುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೆ ಅಂಟಿಕೊಳ್ಳುವುದರಿಂದ ಮೈಸೂರಿನಲ್ಲಿ, ಧಾರವಾಡದಲ್ಲಿ, ಉಡುಪಿಯಲ್ಲಿ ಎಂದು ಪ್ರತಿ ಊರಿಗೂ ರೂಪ ಬೇರೆಯಾಗುತ್ತದೆ. ಅಚ್ಚಿನ ಕೊನೆಗೆ ‘ನಲ್ಲಿ’ ಎಂದು ಅಂಟಿಸಿದರೆ ‘ಧಾರವಾಡನಲ್ಲಿ’ ಎಂಬ ತಪ್ಪು ಶೀರ್ಷಿಕೆ ಹುಡುಕು ಫಲಿತಾಂಶದಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲುತ್ತದೆ. ಆದ್ದರಿಂದ ನಾವು ಊರಿನ ಹೆಸರನ್ನು ಪ್ರತ್ಯಯವಿಲ್ಲದೆ ಮೊದಲಿಟ್ಟು, ನಡುವೆ ಒಂದು ಗೆರೆ ಹಾಕಿ, ಉಳಿದ ಮಾತನ್ನು ಅದರ ನಂತರ ಬರೆಯುವ ಕ್ರಮವನ್ನು ಆಯ್ದುಕೊಂಡೆವು.

ಹೆಲ್ಮೆಟ್‌ನ ಇನ್ನೊಂದು ಸೌಲಭ್ಯ ದ್ವಿಭಾಷಾ ಆಪ್‌ಗಳಿಗೆ ಅಮೂಲ್ಯವಾದುದು. ಎಚ್‌ಟಿಎಂಎಲ್ ಮೂಲ ಟ್ಯಾಗಿನಲ್ಲಿ ಪುಟದ ಭಾಷೆಯನ್ನು ಹೇಳುವ ಲ್ಯಾಂಗ್ ಗುಣವನ್ನೂ ಅದು ಬದಲಿಸಬಲ್ಲದು. ಓದುಗ ಭಾಷೆ ಬದಲಿಸಿದಾಗ ‘ಇಎನ್’ ಇದ್ದದ್ದು ‘ಕೆಎನ್’ ಆಗದಿದ್ದರೆ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಕನ್ನಡ ಪಠ್ಯವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೊರಟು ತಡವರಿಸುವ ಸಾಧ್ಯತೆ ಇರುತ್ತದೆ. ಪುಟಕ್ಕೆ ಅರ್ಥಪೂರ್ಣ ಶೀರ್ಷಿಕೆ ಇರಬೇಕು, ಪುಟದ ಭಾಷೆ ಯಂತ್ರಕ್ಕೆ ತಿಳಿಯುವಂತಿರಬೇಕು ಎಂಬ ಎರಡೂ ನಿಯಮಗಳು ಅಂಗವಿಕಲರೂ ಜಾಲತಾಣಗಳನ್ನು ಬಳಸುವಂತಾಗಲು ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ ಎ ಹಂತದವು, ಅಂದರೆ ಎಲ್ಲಕ್ಕಿಂತ ಮೊದಲು ಪಾಲಿಸಬೇಕಾದವು. ಆದರೆ ಶೀರ್ಷಿಕೆ ಬದಲಾದ ಮಾತ್ರಕ್ಕೆ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ ಎಂದು ಭಾವಿಸಬಾರದು. ಹೊಸ ಪುಟ ಬಂದಿದೆ ಎಂದು ಘೋಷಿಸುವ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಮಾಡಬೇಕು. ಹೆಲ್ಮೆಟ್ ಅದಕ್ಕೆ ಕೈಹಾಕುವುದಿಲ್ಲ.

ಇನ್ನು ಕೊರತೆಗಳು. ಮೂಲ ಎಚ್‌ಟಿಎಂಎಲ್ ಕಡತದಲ್ಲಿ ಮೊದಲೇ ಬರೆದಿಟ್ಟ ಮೆಟಾ ವಿವರಣೆಯನ್ನು ಹೆಲ್ಮೆಟ್ ತನ್ನದೆಂದು ಗುರುತಿಸುವುದಿಲ್ಲ. ಅದು ಹಾಗೆಯೇ ಉಳಿದು ಪುಟದಲ್ಲಿ ಎರಡು ವಿವರಣೆಗಳಾಗುತ್ತವೆ. ನಮ್ಮ ಆಪ್‌ನಲ್ಲಿ ಈ ತಪ್ಪು ಬಹಳ ದಿನ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು, ಅದು ನಮ್ಮ ಅಜಾಗ್ರತೆಯೇ. ಬದಲಾವಣೆಗಳನ್ನು ಅದು ಬ್ರೌಸರಿನ ಮುಂದಿನ ಚಿತ್ರಣದವರೆಗೆ ತಡೆದಿಡುವುದರಿಂದ, ಹಿನ್ನೆಲೆಯಲ್ಲಿರುವ ಟ್ಯಾಬಿನ ಶೀರ್ಷಿಕೆ ಓದುಗ ಅಲ್ಲಿಗೆ ಮರಳುವವರೆಗೂ ಬದಲಾಗದೆ ಇರಬಹುದು. ಹೊಸ ಸಂದೇಶಗಳ ಎಣಿಕೆಯನ್ನು ಟ್ಯಾಬಿನಲ್ಲಿ ತೋರಿಸುವವರು ಡಿಫರ್ ಎಂಬ ಆಯ್ಕೆಯನ್ನು ಮುಚ್ಚಿಡಬೇಕು. ಹೆಲ್ಮೆಟ್ ಟ್ಯಾಗಿನ ಒಳಗೆ ನಾವೇ ಬರೆದ ಕಾಂಪೊನೆಂಟ್ ಇಡುವಂತಿಲ್ಲ.

ಎಲ್ಲಕ್ಕಿಂತ ಗಂಭೀರವಾದ ವಿಷಯ ಸರ್ವರ್‌ನದು. ಗೂಗಲ್‌ನ ಕ್ರಾಲರ್ (ಪುಟಗಳನ್ನು ತಾನಾಗಿ ಓದುವ ತಂತ್ರಾಂಶ) ಜಾವಾಸ್ಕ್ರಿಪ್ಟ್ ನಡೆಸಿ ಪುಟವನ್ನು ನೋಡುತ್ತದೆ, ಆದರೆ ವಾಟ್ಸ್‌ಆಪ್ ಮತ್ತು ಫೇಸ್‌ಬುಕ್ ಕೊಂಡಿಯ ಮುನ್ನೋಟ ತಯಾರಿಸುವಾಗ ಆ ಶ್ರಮ ತೆಗೆದುಕೊಳ್ಳುವುದಿಲ್ಲ. ಸರ್ವರ್ ಕಳಿಸಿದ ಮೊದಲ ಎಚ್‌ಟಿಎಂಎಲ್‌ನಲ್ಲಿ ಮುನ್ನೋಟದ ಹೆಸರು, ಚಿತ್ರಗಳನ್ನು ಹೇಳುವ ಓಪನ್ ಗ್ರಾಫ್ ಟ್ಯಾಗ್‌ಗಳು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿ ಪುಸ್ತಕದ ಸುದ್ದಿ ಹೆಚ್ಚಾಗಿ ಹರಡುವುದು ವಾಟ್ಸ್‌ಆಪ್ ಗುಂಪುಗಳಲ್ಲೇ ಆದ್ದರಿಂದ, ಕೊಂಡಿಯ ಜೊತೆಗೆ ಪುಸ್ತಕದ ಮುಖಪುಟ ಮತ್ತು ಹೆಸರು ಕಾಣುವುದು ಬಹಳ ಮುಖ್ಯ. ಬ್ರೌಸರಿನಲ್ಲಿ ಮಾತ್ರ ಓಡುವ ಹೆಲ್ಮೆಟ್ ಇದಕ್ಕೆ ಯಾವ ಸಹಾಯವನ್ನೂ ಮಾಡಲಾರದು. ಸರ್ವರ್‌ನಲ್ಲಿ ಓಡಿಸಿದರೆ ಆಗುತ್ತದೆ, ಆದರೆ ಅದು ತನ್ನ ಮಾಹಿತಿಯನ್ನು ಎಲ್ಲ ವಿನಂತಿಗಳಿಗೂ ಸೇರಿದ ಒಂದೇ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಪುಟವನ್ನು ಒಂದೇ ಉಸಿರಿಗೆ ತಯಾರಿಸಿ ಕೂಡಲೇ ಸೇರಿದ ಟ್ಯಾಗ್‌ಗಳನ್ನು ಹೊರತೆಗೆಯುವ ರೆಂಡರ್‌ಸ್ಟಾಟಿಕ್ ಎಂಬ ಫಂಕ್ಷನ್ ಕರೆದರೆ ತೊಂದರೆಯಿಲ್ಲ. ಮರೆತರೆ ಮೆಮೊರಿ ಸೋರುತ್ತದೆ, ನಡುವೆ ಕಾಯುವ ಕೆಲಸವಿದ್ದರೆ ಒಬ್ಬ ಓದುಗನ ಪುಟಕ್ಕೆ ಇನ್ನೊಬ್ಬನ ಶೀರ್ಷಿಕೆ ಸೇರಿಹೋಗುವ ಅಪಾಯವಿದೆ. ಪ್ರತಿ ವಿನಂತಿಗೂ ಪ್ರತ್ಯೇಕ ಜಾಗ ಕೊಟ್ಟು ಈ ದೋಷವನ್ನು ನಿವಾರಿಸಿದ್ದು ರಿಯಾಕ್ಟ್ ಹೆಲ್ಮೆಟ್ ಅಸಿಂಕ್ ಎಂಬ ಕವಲು, ಅಂದರೆ ಮೂಲದಿಂದ ಬೇರೆಯಾಗಿ ಬೆಳೆದ ಆವೃತ್ತಿ. ಮೂಲ ಲೈಬ್ರರಿಯಾದರೋ 2020ರ 6.1.0 ಆವೃತ್ತಿಯ ನಂತರ ವರ್ಷಗಟ್ಟಲೆ ನಿಂತಲ್ಲೇ ನಿಂತಿತು.

2024ರ ಡಿಸೆಂಬರ್‌ನಲ್ಲಿ ಬಂದ ರಿಯಾಕ್ಟ್ 19 ಈ ಚಿತ್ರವನ್ನು ಬದಲಿಸಿತು. ಈಗ ಯಾವ ಕಾಂಪೊನೆಂಟಿನಲ್ಲಿ ಟೈಟಲ್ ಅಥವಾ ಮೆಟಾ ಬರೆದರೂ ರಿಯಾಕ್ಟ್ ತಾನೇ ಅದನ್ನು ಹೆಡ್‌ಗೆ ಒಯ್ಯುತ್ತದೆ. ಲೈಬ್ರರಿ ಬೇಡ, ಸರ್ವರ್‌ನಲ್ಲೂ ಕೆಲಸ ಮಾಡುತ್ತದೆ, ನಮ್ಮ ಕಾಂಪೊನೆಂಟ್‌ಗಳೊಳಗೂ ಸುತ್ತಿಡಬಹುದು. ಆದರೆ ಹೆಲ್ಮೆಟ್‌ನ ಜೀವಾಳವೆಂದು ನಾನು ಕರೆದ ಗುಣ ಇಲ್ಲಿಲ್ಲ. ಎರಡು ಕಡೆ ಟೈಟಲ್ ಬರೆದರೆ ಎರಡೂ ಹೆಡ್‌ನಲ್ಲಿ ಕೂರುತ್ತವೆ, ಒಳಗಿನದು ಹೊರಗಿನದನ್ನು ಮೀರುವುದಿಲ್ಲ. ಟೈಟಲ್ ಒಳಗೆ ಬರುವುದು ಒಂದೇ ಅಖಂಡ ಪಠ್ಯವಾಗಿರಬೇಕು; ಪುಸ್ತಕದ ಹೆಸರನ್ನೂ ಲೇಖಕರ ಹೆಸರನ್ನೂ ಪುಷ್ಪಾವರಣಗಳಲ್ಲಿ ಪಕ್ಕಪಕ್ಕ ಇಡುವ ಬದಲು ಮೊದಲೇ ಜೋಡಿಸಿ ಕೊಡಬೇಕು. ಲ್ಯಾಂಗ್ ಗುಣವನ್ನು ಬದಲಿಸುವ ಹೊಣೆಯೂ ನಮ್ಮದೇ.

ಹೊಸದಾಗಿ ಆಪ್ ಕಟ್ಟುವವರಿಗೆ ಹೆಲ್ಮೆಟ್ ಸೇರಿಸಿಕೊಳ್ಳಿ ಎಂದು ನಾನು ಈಗ ಹೇಳಲಾರೆ. ರಿಯಾಕ್ಟ್ 19ರ ಸೌಲಭ್ಯವನ್ನೇ ಬಳಸಿ, ಶೀರ್ಷಿಕೆಯನ್ನು ಪುಟದ ಮಟ್ಟದ ಒಂದೇ ಕಾಂಪೊನೆಂಟ್ ಬರೆಯಬೇಕು, ಒಳಗಿನವು ಬರೆಯಕೂಡದು ಎಂಬ ಕಟ್ಟುಪಾಡು ಮಾಡಿಕೊಂಡರೆ ಸಾಕಾಗುತ್ತದೆ. ರಿಯಾಕ್ಟ್ 18 ಅಥವಾ ಅದಕ್ಕಿಂತ ಹಳೆಯದರಲ್ಲಿ ಇರುವವರು, ಅದರಲ್ಲೂ ಸರ್ವರ್‌ನಲ್ಲಿ ಪುಟ ತಯಾರಿಸುವವರು, ಮೂಲ ಹೆಲ್ಮೆಟ್‌ನಿಂದ ಅಸಿಂಕ್ ಕವಲಿಗೆ ಹೋಗುವುದು ಒಳ್ಳೆಯದು; ಬರೆಯುವ ಕ್ರಮ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಇಡೀ ಆಪ್ ಅನ್ನು ಪ್ರೊವೈಡರ್ ಎಂಬ ಒಂದು ಹೊರ ಕಾಂಪೊನೆಂಟಿನಲ್ಲಿ ಸುತ್ತಿ, ಆಮದಿನ ಸಾಲುಗಳನ್ನೂ ಸರ್ವರಿನಲ್ಲಿ ಟ್ಯಾಗ್‌ಗಳನ್ನು ಹೊರತೆಗೆಯುವ ಭಾಗವನ್ನೂ ತಿದ್ದಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಸರ್ವರ್ ಇಲ್ಲದೆ ಬರೀ ಬ್ರೌಸರಿನಲ್ಲಿ ನಡೆಯುವ ಆಪ್ ಇರುವವರು, ಕೊಂಡಿಯ ಮುನ್ನೋಟ ಬೇಕೆಂದರೆ, ಆ ಪುಟಗಳನ್ನಾದರೂ ಆಪ್ ಅನ್ನು ಸಿದ್ಧಪಡಿಸುವ ಬಿಲ್ಡ್ ಹಂತದಲ್ಲೇ ಎಚ್‌ಟಿಎಂಎಲ್ ಆಗಿ ತಯಾರಿಸಿಡಬೇಕು. ನಮ್ಮ ಆಪ್‌ನಲ್ಲಿ ಪುಸ್ತಕದ ಪುಟಗಳಿಗೆ ಇದನ್ನೇ ಮಾಡಿದ್ದೇವೆ. ಲ್ಯಾಂಗ್ ಗುಣಕ್ಕೆ ಒಂದು ಪುಟ್ಟ ಹುಕ್ (ಕಾಂಪೊನೆಂಟ್‌ಗಳು ಕರೆಯುವ ಫಂಕ್ಷನ್) ಬರೆದುಕೊಂಡಿದ್ದೇವೆ.